ಭಾವ ಕೊಡಿಸಿದ ಕೆಂಪು ಗಾಡಿ

ಮುನಿರಾಮಯ್ಯನಿಗೆ ಬಾಯಿಗಿಂತ ಕೈ ಮುಂದು ಎಂಬುದು ಬಸವೇಶ್ವರನಗರದ ನಮ್ಮ ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಡುಗನಾಗಿದ್ದಾಗ ಬಿನ್ನಿಪೇಟೆಯ ಗರಡಿಯಲ್ಲಿ ಸಾಮು ಮಾಡಿದ ಮೈ. ಆಮೇಲೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ, ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಬಡಿಯುವ ಕೆಲಸ. ನಲ್ಲಿಯ ಹತ್ತಿರ ಹೆಂಡತಿಯ ಬಿಂದಿಗೆಯನ್ನು ಕಾಲಿನಲ್ಲಿ ತಳ್ಳಿದವನೊಬ್ಬನ ಮುಂದಿನ ಹಲ್ಲು ಉದುರಿಸಿದ್ದ. ಬಸ್ಸಿನಲ್ಲಿ ಚಿಲ್ಲರೆ ಇಲ್ಲವೆಂದು ಒಬ್ಬ ಮುದುಕನನ್ನು ಇಳಿಸಿದ ಕಂಡಕ್ಟರನ ಕಾಲರ್ ಹಿಡಿದು ಅವನನ್ನೂ ರಸ್ತೆಗೆ ಇಳಿಸಿದ್ದ. ಜಗಳ ಮುಗಿದ ಮೇಲೆ ಅವನ ಮುಖದಲ್ಲಿ ಪಶ್ಚಾತ್ತಾಪವೇನೂ ಕಾಣುತ್ತಿರಲಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದ.

ಅವನನ್ನು ತಡೆಯಬಲ್ಲವಳು ಒಬ್ಬಳೇ, ಹೆಂಡತಿ ಅಣ್ಣಮ್ಮ. ಸಣ್ಣ ಆಳು, ಸಣ್ಣ ದನಿ. ಅಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಹೆರಿಗೆಯಾದವರ ರಕ್ತದ ಬಟ್ಟೆ ಒಗೆದು, ಹುಟ್ಟಿದ ಕೂಸುಗಳಿಗೆ ನೀರೆರೆದು ಬರುವವಳು. "ರೀ, ಸಾಕು" ಎಂದು ಅವಳು ಅಂದರೆ ಎತ್ತಿದ ಕೈ ಇಳಿಯುತ್ತಿತ್ತು.

ಅವನು ಕೈ ಎತ್ತದ ಇನ್ನೊಬ್ಬ ಮನುಷ್ಯನಿದ್ದ. ಅಕ್ಕ ಹನುಮಕ್ಕನ ಗಂಡ ಕೆಂಚಪ್ಪ. ತಾಯಿ ತೀರಿಕೊಂಡ ಮೇಲೆ ಮುನಿರಾಮಯ್ಯನನ್ನು ಎತ್ತಿ ಆಡಿಸಿದವಳು ಈ ಅಕ್ಕನೇ. ಅವಳನ್ನು ವಿಜಯನಗರಕ್ಕೆ ಕೊಟ್ಟಿದ್ದರು. ಕೆಂಚಪ್ಪ ಹಳೆಯ ಸ್ಕೂಟರು, ಬೈಕುಗಳ ಬ್ರೋಕರ್. ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು, ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡು ವ್ಯಾಪಾರ ನಡೆಸುತ್ತಿದ್ದ. ಹೆಂಡತಿಯನ್ನು ಹೊಡೆಯುತ್ತಿದ್ದ. ಇದು ನೆಂಟರಿಗೆಲ್ಲ ಗೊತ್ತಿದ್ದ ವಿಷಯ. ಒಮ್ಮೆ ಹಬ್ಬಕ್ಕೆ ಬಂದಾಗ ಹನುಮಕ್ಕನ ಮೊಣಕೈ ಮೇಲೆ ಸುಟ್ಟ ಗಾಯವಿತ್ತು. ಮುನಿರಾಮಯ್ಯ ಎದ್ದು ನಿಂತಿದ್ದ. ದೊಡ್ಡಪ್ಪ ವೆಂಕಟರಮಣಪ್ಪ, "ಕೂತ್ಕೊಳೋ. ಗಂಡ ಹೆಂಡ್ತಿ ಮಧ್ಯ ನೀನ್ಯಾಕೆ? ನಾಳೆ ಅವನು ಅವಳನ್ನ ಮನೆಯಿಂದ ಆಚೆ ಹಾಕಿದ್ರೆ ನೀನು ಇಟ್ಕೋತೀಯಾ?" ಎಂದಿದ್ದರು. ಅವನು ಕೂತಿದ್ದ. ಊರನ್ನೆಲ್ಲ ಹೊಡೆಯುವವನು ಆ ಒಂದು ಮನೆಯಲ್ಲಿ ತಲೆ ತಗ್ಗಿಸಿ ಕಾಫಿ ಕುಡಿದು ಬರುತ್ತಿದ್ದ.

ಎಂಬತ್ತನಾಲ್ಕನೇ ಇಸವಿಯ ಸುಮಾರಿಗೆ ಅವನಿಗೆ ಗಾಡಿಯ ಹುಚ್ಚು ಹತ್ತಿತು. ಹುಚ್ಚು ಅನ್ನುವುದೂ ತಪ್ಪು. ಅಣ್ಣಮ್ಮನ ಪಾಳಿ ಬೆಳಕು ಹರಿಯುವ ಮೊದಲೇ ಶುರುವಾಗುತ್ತಿತ್ತು. ಆಗಿನ್ನೂ ಅಲ್ಲಲ್ಲಿ ಖಾಲಿ ಸೈಟುಗಳು, ಬೀದಿದೀಪವಿಲ್ಲದ ಅಡ್ಡರಸ್ತೆಗಳು. ನಾಯಿಗಳ ಹಿಂಡು ಬೆನ್ನು ಹತ್ತುತ್ತಿತ್ತು. ಅವಳನ್ನು ಬಿಟ್ಟು ತಾನು ಕಾರ್ಖಾನೆಗೆ ಹೋಗಬಹುದು ಎಂಬುದು ಅವನ ಲೆಕ್ಕ. ಹೊಸ ಗಾಡಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಸುದ್ದಿ ಕಿವಿಗೆ ಬಿದ್ದದ್ದೇ ಕೆಂಚಪ್ಪ ಹೇಳಿ ಕಳಿಸಿದ.

ಶೆಡ್ಡಿನ ಮುಂದೆ ನಿಂತಿತ್ತು, ಎರಡು ಸೈಲೆನ್ಸರಿನ ಬೈಕು. ಕುಂಕುಮಗೆಂಪು ಬಣ್ಣ, ಟ್ಯಾಂಕಿನಲ್ಲಿ ಮುಖ ಕಾಣುವಷ್ಟು ಹೊಳಪು.

"ಒಬ್ರು ಆಫೀಸರ್ದು. ಬರೀ ಭಾನುವಾರ ಆಚೆ ತೆಗೀತಿದ್ರು. ನೀನು ನಮ್ಮೋನು ಅಂತ ಬೇರೆ ಯಾರಿಗೂ ತೋರಿಸಿಲ್ಲ," ಎಂದ ಕೆಂಚಪ್ಪ.

ಮುನಿರಾಮಯ್ಯ ಒಂದು ಸುತ್ತು ಓಡಿಸಿ ಬಂದ. "ಎಂಜಿನ್ ಚೆನ್ನಾಗಿದೆ ಭಾವ. ಆದ್ರೆ ಎಡಕ್ಕೆ ಎಳೀತದೆ."

"ಹೊಸ ಟೈರು ಕಣಯ್ಯ. ಪಳಗೋವರೆಗೂ ಹಂಗೇ."

ಹನುಮಕ್ಕ ಕಾಫಿ ತಂದಳು. ತಮ್ಮನ ಕೈಗೆ ಲೋಟ ಕೊಡುವಾಗ ಅವಳು ಗಾಡಿಯ ಕಡೆ ನೋಡಲಿಲ್ಲ. "ಅಣ್ಣಮ್ಮನ್ನ ಕೂರಿಸ್ಕೊಂಡು ಜೋರಾಗಿ ಓಡಿಸ್ಬೇಡ ಕಣೋ ಮುನಿಯ," ಎಂದಳು. ಕೆಂಚಪ್ಪ ಅವಳತ್ತ ತಿರುಗಿದ, ಅಷ್ಟೇ. ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು.

ಗಾಡಿ ನಮ್ಮ ವಠಾರಕ್ಕೆ ಬಂತು. ನಿಂಬೆಹಣ್ಣಿನ ಮೇಲೆ ಹತ್ತಿಸಿ, ಹೂವಿನ ಹಾರ ಹಾಕಿ ಪೂಜೆ ಮಾಡಿದರು. ಮಳೆಗಾಲ ಕಳೆಯುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಎಡಕ್ಕೆ ಎಳೆಯುವುದು ಅವನ ಕೈಗೆ ರೂಢಿಯಾಗಿತ್ತು. ಆಗೀಗ ಹಳ್ಳಕ್ಕೆ ಇಳಿದಾಗ ಟ್ಯಾಂಕಿನ ಕೆಳಗೆ ಎಲ್ಲೋ ಕಿರ್ರೆನ್ನುವ ಸದ್ದು ಬರುತ್ತಿತ್ತು. ಎಣ್ಣೆ ಬಿಟ್ಟ, ಬೋಲ್ಟು ಬಿಗಿ ಮಾಡಿಸಿದ. ಸದ್ದು ನಿಂತಂತೆ ಕಂಡಿತು.

ಒಂದು ಭಾನುವಾರ ಕೆಂಗೇರಿಯಲ್ಲಿ ಅಣ್ಣಮ್ಮನ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೊರಟರು. ಮೈಸೂರು ರಸ್ತೆ, ಮಟಮಟ ಮಧ್ಯಾಹ್ನ. ಹಿಂದೆ ಜಲ್ಲಿ ತುಂಬಿದ ಲಾರಿಯೊಂದು ಬರುತ್ತಿತ್ತು. ರಸ್ತೆಯಲ್ಲಿ ಒಂದು ಸಣ್ಣ ತಗ್ಗು. ಸೈಕಲ್ಲಿನವನೂ ಲೆಕ್ಕಕ್ಕೆ ತೆಗೆದುಕೊಳ್ಳದಂಥದ್ದು. ಗಾಡಿ ತಗ್ಗಿಗೆ ಇಳಿದು ಏಳುವಾಗ ಒಣಗಿದ ಕೊಂಬೆ ಮುರಿದ ಹಾಗೆ ಲಟಕ್ಕೆಂದಿತು. ಹ್ಯಾಂಡಲ್ ಅವನ ಕೈಯಲ್ಲೇ ಇತ್ತು, ಆದರೆ ಅದಕ್ಕೂ ಗಾಡಿಗೂ ಸಂಬಂಧ ಕಡಿದುಹೋಗಿತ್ತು. ಮುಂದಿನ ಚಕ್ರ ಎಂಜಿನ್ನಿನ ಕೆಳಗೆ ಮಡಚಿಕೊಂಡಿತು. ಗಾಡಿ ಮೂತಿಯನ್ನು ಟಾರಿಗೆ ಉಜ್ಜುತ್ತ ಕಿಡಿ ಹಾರಿಸಿಕೊಂಡು ಜಾರಿತು. ಅವನು ಎಡಕ್ಕೆ ಮಣ್ಣಿಗೆ ಬಿದ್ದ, ಅವಳು ಬಲಕ್ಕೆ ರಸ್ತೆಗೆ ಬಿದ್ದಳು.

ಲಾರಿಯವನು ಬ್ರೇಕ್ ಹಾಕಿದ. ಜಲ್ಲಿಯ ಭಾರ ನಿಲ್ಲಬೇಕಲ್ಲ! ಲಾರಿಯ ಮುಂದಿನ ಚಕ್ರ ಅಣ್ಣಮ್ಮನ ಬಲಗಾಲಿನ ಪಾದದ ಮೇಲೆ ಹತ್ತಿ, ಅಲ್ಲೇ ನಿಂತಿತು. ಅವಳ ಕಿರುಚಾಟಕ್ಕಿಂತ ಅವನಿಗೆ ಆಮೇಲೆ ನೆನಪಾಗುತ್ತಿದ್ದದ್ದು ಅದು ಹಠಾತ್ತನೆ ನಿಂತದ್ದು. ಅವಳು ಕಣ್ಣು ಬಿಟ್ಟುಕೊಂಡೇ, ಬಾಯಿ ತೆರೆದುಕೊಂಡೇ ಸುಮ್ಮನಾಗಿದ್ದಳು. ಮೊಣಕೈ ತನಕ ಚರ್ಮ ಸುಲಿದಿದ್ದ ಕೈಗಳಲ್ಲೇ ಅವನು ಲಾರಿಯನ್ನು ಹಿಂದಕ್ಕೆ ತಳ್ಳಲು ನೋಡಿದ. ಡ್ರೈವರ್ ಅಳುತ್ತ ರಿವರ್ಸ್ ಹಾಕಿದ. ಅದೇ ಲಾರಿಯಲ್ಲೇ ಅವಳನ್ನು ದೊಡ್ಡಾಸ್ಪತ್ರೆಗೆ ಹೊತ್ತೊಯ್ದರು. ಪಾದ ಉಳಿಯಲಿಲ್ಲ. ಕಣಕಾಲಿನ ಮೇಲಕ್ಕೆ ಕತ್ತರಿಸಿದರು.

ಅವಳಿಗೆ ಎಚ್ಚರ ಬಂದು, ಹೊದಿಕೆಯ ಕೆಳಗೆ ಒಂದು ಕಡೆ ತಗ್ಗಾಗಿರುವುದನ್ನು ನೋಡಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡ ದಿನ ಮುನಿರಾಮಯ್ಯ ಆಸ್ಪತ್ರೆಯಿಂದ ಎದ್ದು ಕೆಂಗೇರಿ ಕಡೆಗೆ ಹೋದ. ಗಾಡಿಯನ್ನು ಯಾರೋ ರಸ್ತೆಬದಿಯ ಪಂಕ್ಚರ್ ಅಂಗಡಿಯ ಹಿಂದೆ ಎಳೆದು ಹಾಕಿದ್ದರು. ಹ್ಯಾಂಡಲ್ ಬಂದು ಕೂರುವ ಕತ್ತಿನ ಹತ್ತಿರ ಚಾಸಿಯ ಪೈಪು ತುಂಡಾಗಿತ್ತು. ಅವನು ಕುಕ್ಕರಗಾಲಲ್ಲಿ ಕೂತು ನೋಡಿದ.

ಕಬ್ಬಿಣ ಮುರಿಯುವುದನ್ನು ದಿನವೂ ನೋಡುವವನಿಗೆ ಹೇಳಿಕೊಡುವವರು ಬೇಕಿರಲಿಲ್ಲ. ಈಗ ಮುರಿದ ಕಡೆ ಬೆಳ್ಳಗೆ ಹೊಳೆಯಬೇಕು. ಇಲ್ಲಿ ಉಗುರಿನಷ್ಟು ಅಗಲ ಮಾತ್ರ ಬೆಳ್ಳಗಿತ್ತು; ಉಳಿದದ್ದೆಲ್ಲ ಕಪ್ಪು, ಹಳೆಯ ತುಕ್ಕು. ಪೈಪಿನೊಳಗೆ ಒಂದು ಸಲಾಕೆ ತೂರಿಸಿ, ಮೇಲೆ ಅಲ್ಲಲ್ಲಿ ವೆಲ್ಡಿಂಗಿನ ಚುಕ್ಕೆ ಇಟ್ಟು, ಬಡಗಿಗಳು ಮರದ ತೂತಿಗೆ ಮೆತ್ತುವ ಲಪ್ಪವನ್ನು ಮೆತ್ತಿ, ಉಜ್ಜಿ, ಬಣ್ಣ ಹೊಡೆದಿದ್ದರು. ಉಗುರಿನಿಂದ ಕೆರೆದರೆ ಲಪ್ಪ ಹಪ್ಪಳದ ಹಾಗೆ ಏಳುತ್ತಿತ್ತು. ಈ ಗಾಡಿ ಹಿಂದೊಮ್ಮೆ ಎಲ್ಲೋ ಗುದ್ದಿ, ಕತ್ತು ಮುರಿದುಕೊಂಡು ಬಂದ ಗಾಡಿ.

ಒಂದು ಟೆಂಪೋ ಹಿಡಿದು ಗಾಡಿಯನ್ನು ಹೇರಿಕೊಂಡು ಮೊದಲು ಕಾರ್ಖಾನೆಗೆ ಹೋದ. ಒಳಗಿಂದ ಸಮ್ಮಟಿಗೆ ತಂದು, ಟೆಂಪೋವನ್ನು ವಿಜಯನಗರಕ್ಕೆ ತಿರುಗಿಸಿದ.

ಕೆಂಚಪ್ಪ ಶೆಡ್ಡಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಟೆಂಪೋದಲ್ಲಿದ್ದ ಕೆಂಪು ಗಾಡಿ ನೋಡಿದವನೇ ಎದ್ದು ನಿಂತು, "ಅಣ್ಣಮ್ಮ ಹೆಂಗವ್ಳೆ? ನಾನೇ ಬರೋಣಾಂತಿದ್ದೆ..." ಎಂದ.

ಮುನಿರಾಮಯ್ಯ ಸಮ್ಮಟಿಗೆಯನ್ನು ನೆಲಕ್ಕೂರಿ ಮುಷ್ಟಿ ಬೀಸಿದ. ಮೊದಲ ಏಟಿಗೇ ಕೆಂಚಪ್ಪನ ಮೂಗು ಮುರಿಯಿತು. ಬೀಡಿ, ರಕ್ತ, ಹಲ್ಲು ಎಲ್ಲ ಒಟ್ಟಿಗೆ ಅಂಗಿಯ ಮೇಲೆ ಬಿದ್ದವು. ಎರಡನೆಯದಕ್ಕೆ ಅವನು ಸಾಲಾಗಿ ನಿಲ್ಲಿಸಿದ್ದ ಸ್ಕೂಟರುಗಳ ಮೇಲೆ ಬಿದ್ದ. ಒಂದರ ಮೇಲೊಂದು ಅವೂ ಉರುಳಿದವು. ಕೆಲಸದವರಿಬ್ಬರೂ ಓಡಿಬಂದರು. ಒಬ್ಬ ಚೈನು ಬೀಸಿದ. ಅದು ಮುನಿರಾಮಯ್ಯನ ಬೆನ್ನಿಗೆ ಸುತ್ತಿ ಅಂಗಿಯ ಜೊತೆ ಚರ್ಮವನ್ನೂ ಕಿತ್ತುಕೊಂಡು ಬಂತು. ಇನ್ನೊಬ್ಬ ಸ್ಪಾನರಿನಿಂದ ಕಿವಿಯ ಹಿಂದೆ ಹೊಡೆದ. ಮುನಿರಾಮಯ್ಯ ಚೈನನ್ನೇ ಹಿಡಿದು ಎಳೆದು ಮೊದಲನೆಯವನ ಮುಖಕ್ಕೆ ತಲೆಯಲ್ಲಿ ಗುದ್ದಿದ. ಅವನು ಮುಖ ಮುಚ್ಚಿಕೊಂಡು ಕೂತ. ಸ್ಪಾನರಿನವನು ಅದನ್ನು ಬಿಸಾಕಿ ರಸ್ತೆಗೆ ಓಡಿದ.

ಕೆಂಚಪ್ಪ ತೆವಳುತ್ತ ಮನೆಯ ಬಾಗಿಲ ಕಡೆ ಹೋಗುತ್ತಿದ್ದ. ಮುನಿರಾಮಯ್ಯ ಅವನ ಬಲಗಾಲನ್ನು ಹಿಡಿದು ಹಿಂದಕ್ಕೆ ಎಳೆದು ತಂದು, ಶೆಡ್ಡಿನಲ್ಲಿ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು, ಮೊಣಕಾಲಿನ ಮೇಲೆ ತನ್ನ ಮೊಣಕಾಲು ಊರಿ ಸಮ್ಮಟಿಗೆ ಎತ್ತಿಕೊಂಡ.

"ಬ್ಯಾಡ ಕಣಪ್ಪ! ನಿನ್ ದಮ್ಮಯ್ಯ ಅಂತೀನಿ, ಬ್ಯಾಡ! ನಂಗೂ ಗೊತ್ತಿರ್ಲಿಲ್ಲ!"

"ಲಪ್ಪ ಮೆತ್ತಿದ್ದು ಯಾರು?"

"ಗೊತ್ತಿರ್ಲಿಲ್ಲ..."

ಸಮ್ಮಟಿಗೆ ಒಮ್ಮೆ ಇಳಿಯಿತು. ಕೆಂಚಪ್ಪನ ಪಾದದ ಮೂಳೆ ಒಡೆದ ಸದ್ದು ಪಕ್ಕದ ಅಂಗಡಿಯವರಿಗೂ ಕೇಳಿಸಿತಂತೆ. ಮುನಿರಾಮಯ್ಯ ಮತ್ತೆ ಎತ್ತಿದ. ಅಷ್ಟರಲ್ಲಿ ಒಳಗಿನಿಂದ ಓಡಿಬಂದ ಹನುಮಕ್ಕ ಗಂಡನ ಮೇಲೆ ಬೀಳಲಿಲ್ಲ, ತಮ್ಮನ ಕೈಯನ್ನೂ ಹಿಡಿಯಲಿಲ್ಲ. ಅಡಿಗಲ್ಲಿನ ಮುಂದೆ ನೆಲದ ಮೇಲೆ ಕೂತು ತನ್ನ ಕಾಲನ್ನು ಚಾಚಿ ಅದರ ಮೇಲಿಟ್ಟಳು.

"ಇದನ್ನ ಹೊಡಿ. ನಂಗೆ ಗೊತ್ತಿತ್ತು ಕಣೋ. ಈ ಗಾಡೀನ ಗೋಣೀಲಿ ಸುತ್ಕೊಂಡು ತಂದಾಗ ನಾನೇ ಗೇಟು ತೆಗ್ದೆ. ಅದರ ಮೇಲೆ ಒಬ್ಬ ಹುಡುಗ ಸತ್ತಿದ್ದ. ಸೀಟಿನ ರಕ್ತ ತೊಳೆದೋಳು ನಾನು."

ಮುನಿರಾಮಯ್ಯನ ಕೈ ಮೇಲೆಯೇ ನಿಂತಿತು. "ಗೊತ್ತಿದ್ದೂ ನನ್ ಕೈಗೆ ಕಾಫಿ ಕೊಟ್ಯಾ ಅಕ್ಕ?"

"ಕೊಟ್ಟೆ."

ಅವನು ಸಮ್ಮಟಿಗೆ ಕೆಳಗಿಟ್ಟ. ಆಮೇಲೆ ಅಕ್ಕನ ಕೆನ್ನೆಗೆ ಬಿಗಿಯಾಗಿ ಒಂದು ಏಟು ಕೊಟ್ಟ. ಅವಳು ಪಕ್ಕಕ್ಕೆ ವಾಲಿದಳು, ಅಳಲಿಲ್ಲ. ಹೊಡೆಸಿಕೊಂಡು ಅಭ್ಯಾಸವಿದ್ದವರ ಹಾಗೆ ಒಂದು ಕೈಯನ್ನು ತಾನಾಗಿ ತಲೆಯ ಮೇಲೆ ಅಡ್ಡ ಹಿಡಿದು ಎರಡನೆಯ ಏಟಿಗೆ ಕಾಯುತ್ತ ಕೂತಳು. ಅದನ್ನು ನೋಡಿದ ಮೇಲೆ ಮುನಿರಾಮಯ್ಯ ಕೈ ಇಳಿಸಿದ. ಪೊಲೀಸರು ಬರುವವರೆಗೂ ಅಲ್ಲೇ ಅಡಿಗಲ್ಲಿಗೆ ಒರಗಿ ಕೂತಿದ್ದ.

ಠಾಣೆಯಲ್ಲಿ ಅವನಿಗೂ ಚೆನ್ನಾಗಿ ಬಿತ್ತು. ಅಂಗಾಲಿಗೆ ಲಾಠಿಯಲ್ಲಿ ಹೊಡೆದರು. ಹೊಡೆಯುವಾಗ ಅವನು ಅಣ್ಣಮ್ಮನ ಕಾಲನ್ನು ನೆನೆದುಕೊಂಡು ಹಲ್ಲು ಕಚ್ಚಿದ್ದನಂತೆ. ಜಾಮೀನಿನ ಮೇಲೆ ಆಚೆ ಬಂದಾಗ ಕಾರ್ಖಾನೆಯಲ್ಲಿ ಸಸ್ಪೆಂಡ್ ಮಾಡಿದ್ದರು. ಕೊಲೆಯ ಪ್ರಯತ್ನ ಎಂದು ಕೇಸು ಹಾಕುವ ಮಾತು ನಡೆದಿತ್ತು.

ಆಗ ದೊಡ್ಡಪ್ಪ ವೆಂಕಟರಮಣಪ್ಪ ರಾಜಿ ಮಾಡಿಸಲು ಬಂದರು. ಅಣ್ಣಮ್ಮ ಆಸ್ಪತ್ರೆಯಿಂದ ಬಂದು, ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ದೊಡ್ಡಪ್ಪ ಅವಳ ಕಾಲಿನ ಕಡೆ ನೋಡದೆ ಮಾತು ಶುರು ಮಾಡಿದರು.

"ನೋಡಪ್ಪ, ಕೆಂಚಪ್ಪ ದೊಡ್ಡ ಮನಸ್ಸು ಮಾಡವ್ನೆ. ಕೇಸು ವಾಪಸ್ ತಗೋತಾನೆ. ನಿನ್ ದುಡ್ಡೂ ವಾಪಸ್ ಕೊಡ್ತಾನೆ. ಆ ಗಾಡಿ ಮಾತ್ರ ಅವನಿಗೆ ಕೊಟ್ಬುಡು. ನಿಂಗ್ಯಾಕೆ ಆ ಗುಜರಿ?"

ಪೊಲೀಸರು ಬಿಟ್ಟುಕೊಟ್ಟಿದ್ದ ಗಾಡಿ ವಠಾರದ ಮುಂದೆ ಬೇವಿನ ಮರದ ಕೆಳಗೆ ಬಿದ್ದಿತ್ತು. ಮುನಿರಾಮಯ್ಯ ಸೋತಿದ್ದ. ತಗೊಂಡು ಹೋಗಲಿ ಎನ್ನುವ ಹಾಗೆ ಕೈ ಆಡಿಸಿದ. ಅಣ್ಣಮ್ಮನೇ ಮಾತಾಡಿದಳು.

"ದೊಡ್ಡಪ್ಪ, ಅವರು ಅದನ್ನ ತಗೊಂಡು ಏನು ಮಾಡ್ತಾರೆ?"

"ಏನೋ ಮಾಡ್ಕೋತಾನಮ್ಮ. ಎಂಜಿನ್ ಚೆನ್ನಾಗದಂತೆ. ಸರಿ ಮಾಡಿ..."

"ಸರಿ ಮಾಡಿ?"

ದೊಡ್ಡಪ್ಪ ತೊಡೆಯ ಮೇಲಿನ ಟವೆಲ್ಲನ್ನು ಮಡಚತೊಡಗಿದರು.

"ಮೊದಲು ಒಬ್ಬ ಹುಡುಗ ಹೋದ. ಆಮೇಲೆ ನನ್ ಕಾಲು ಹೋಯ್ತು. ಇನ್ನೊಂದ್ಸಲ ಕೆಂಪು ಬಣ್ಣ ಹೊಡೆದು ಇನ್ಯಾರ ಮನೆ ಹೆಣ್ಮಗಳನ್ನ ಹಿಂದೆ ಕೂರಿಸ್ತಾರೆ? ಕೊಡಲ್ಲ ದೊಡ್ಡಪ್ಪ. ಇವರು ಜೈಲಿಗೆ ಹೋದ್ರೆ ಹೋಗ್ಲಿ. ನಾನು ಕಾಯ್ತೀನಿ."

ದೊಡ್ಡಪ್ಪ ಹೆಣ್ಣಿಗೆ ಇಷ್ಟು ಹಟ ಆಗಬಾರದು ಎಂದು ಬೈದುಕೊಂಡು ಹೋದರು. ಮರುದಿನ ಬೆಳಿಗ್ಗೆ ಮುನಿರಾಮಯ್ಯ ಗೆಳೆಯರಿಂದ ಒಂದು ಸುತ್ತಿಗೆ, ಕಬ್ಬಿಣ ಕತ್ತರಿಸುವ ಚಾಣ ತಂದು ಬೇವಿನ ಮರದ ಕೆಳಗೆ ಕೂತ. ಎಂಜಿನ್ನು ಬಿಚ್ಚಿ ಪಕ್ಕಕ್ಕಿಟ್ಟು, ಚಾಸಿಯನ್ನು ಕಲ್ಲಿನ ಮೇಲೆ ಅಡ್ಡಹಾಕಿ ಕತ್ತರಿಸತೊಡಗಿದ. ವಠಾರದವರೆಲ್ಲ ಸುತ್ತ ನಿಂತು ನೋಡುತ್ತಿದ್ದೆವು.

ಯಾರು ಸುದ್ದಿ ಮುಟ್ಟಿಸಿದರೋ, ಅರ್ಧ ಮುಗಿಯುವಷ್ಟರಲ್ಲಿ ಕೆಂಚಪ್ಪ ಆಟೋದಲ್ಲಿ ಬಂದ. ಕಾಲಿಗೆ ಸಿಮೆಂಟಿನ ಪಟ್ಟಿ, ಕೈಯಲ್ಲಿ ಊರುಗೋಲಿನ ಬದಲು ಕಬ್ಬಿಣದ ಪೈಪು. ಅವನ ಪಕ್ಕದಲ್ಲಿ ಹನುಮಕ್ಕ. ಅವಳನ್ನು ಊರಿಕೊಂಡೇ ಅವನು ನಡೆಯುತ್ತಿದ್ದದ್ದು.

"ನಿಲ್ಸೋ! ಎಂಜಿನ್ ನಂಬರ್ರು, ಚಾಸಿ ನಂಬರ್ರು ಎರಡೂ ಇದ್ರೇನೇ ಗಾಡಿ ಅನ್ನೋದು. ನನ್ ಬಂಡವಾಳಾನೆಲ್ಲ ಮಣ್ಣುಪಾಲು ಮಾಡ್ತೀಯಾ?"

ಮುನಿರಾಮಯ್ಯ ತಿರುಗಿ ನೋಡಲಿಲ್ಲ. ಚಾಣ ಇಟ್ಟ, ಸುತ್ತಿಗೆ ಎತ್ತಿದ. ಕೆಂಚಪ್ಪ ಹಿಂದಿನಿಂದ ಪೈಪನ್ನು ಅವನ ತಲೆಗೆ ಬೀಸಿದ. ನೆತ್ತಿ ಸೀಳಿ ರಕ್ತ ಹುಬ್ಬಿನ ಮೇಲಿಂದ ಚಾಸಿಯ ಮೇಲೆ ತೊಟ್ಟಿಕ್ಕಿತು. ಮುನಿರಾಮಯ್ಯ ಏಳಬಹುದಿತ್ತು, ಆ ಸುತ್ತಿಗೆಗೆ ಕೆಂಚಪ್ಪನ ತಲೆ ಒಂದು ತೆಂಗಿನಕಾಯಿ. ಅವನು ಏಳಲಿಲ್ಲ. ಎಡಗೈಯಲ್ಲಿ ಕಣ್ಣಿನ ರಕ್ತ ಒರೆಸಿಕೊಂಡು ಮತ್ತೆ ಚಾಣದ ಮೇಲೆ ಹೊಡೆದ. ಕೆಂಚಪ್ಪ ಮತ್ತೆ ಪೈಪು ಎತ್ತಿದ.

ಅಣ್ಣಮ್ಮ ಬಾಗಿಲಿನಿಂದ ಹೇಗೆ ಬಂದಳೋ ನಮಗ್ಯಾರಿಗೂ ಕಾಣಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಮರದ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು, ಒಂಟಿ ಕಾಲಿನ ಮೇಲೆ ನಿಂತು, ಕೆಂಚಪ್ಪನ ಮುಂಗೈಗೆ ಬೀಸಿದಳು. ಪೈಪು ಹಾರಿಹೋಯಿತು. ಆ ಬೀಸಿಗೆ ಅವಳೂ ಆಯ ತಪ್ಪಿ ಬಿದ್ದಳು. ಬಿದ್ದಲ್ಲಿಂದಲೇ ಅವನ ಮುರಿದ ಕಾಲಿಗೆ ಇನ್ನೊಂದು ಏಟು ಹಾಕಿದಳು. ಕೆಂಚಪ್ಪ ಹೋರಿಯ ಹಾಗೆ ಅರಚುತ್ತ ಉರುಳಿದ. ಉರುಳಿದವನೇ ಕೈಗೆ ಸಿಕ್ಕಿದ ಹನುಮಕ್ಕನ ತುರುಬನ್ನು ಹಿಡಿದ. "ನಿಂತ್ಕೊಂಡು ನೋಡ್ತೀಯೇನೇ ಮುಂಡೆ? ಎಬ್ಬಿಸೇ ನನ್ನ!" ಎಂದು ಅವಳ ತಲೆಯನ್ನು ನೆಲಕ್ಕೆ ಎಳೆದ.

ಆಗ ಸುತ್ತಿಗೆಯ ಸದ್ದು ನಿಂತಿತು. ಮುನಿರಾಮಯ್ಯ ಎದ್ದು ಬಂದು, ಕೆಂಚಪ್ಪನ ಬೆರಳುಗಳನ್ನು ಒಂದೊಂದಾಗಿ ಅಕ್ಕನ ಕೂದಲಿನಿಂದ ಬಿಡಿಸಿದ. ಬಿಡದ ಒಂದು ಬೆರಳನ್ನು ಹಿಂದಕ್ಕೆ ಮಡಚಿದ; ಅದು ಮುರಿಯಿತು. ಅಷ್ಟು ಮಾಡಿ ಅವನು ಅಕ್ಕನಿಗೆ ಹೇಳಿದ್ದು ಇಷ್ಟೇ: "ಒಳಗೆ ಹೋಗಕ್ಕ."

"ಮುನಿಯ..."

"ಒಳಗೆ ಹೋಗು. ಇವತ್ತಿಂದ ಇಲ್ಲೇ ಇರು. ಯಾವತ್ತೋ ಹೇಳ್ಬೇಕಾಗಿತ್ತು ನಾನು."

ವಠಾರದ ಗಂಡಸರು ಕೆಂಚಪ್ಪನನ್ನು ಎತ್ತಿ ಆಟೋದೊಳಗೆ ತುಂಬಿದರು. ಮುನಿರಾಮಯ್ಯ ತಲೆಗೆ ಟವೆಲ್ ಕಟ್ಟಿಕೊಂಡು ಉಳಿದ ಚಾಸಿಯನ್ನು ಕತ್ತರಿಸಿ ಮುಗಿಸಿದ. ಕೊನೆಯಲ್ಲಿ ನಂಬರು ಕೊರೆದಿದ್ದ ಜಾಗವನ್ನು ಬಡಿದು ಬಡಿದು ತಗಡಿನಷ್ಟು ತೆಳ್ಳಗೆ ಮಾಡಿದ. ತುಂಡುಗಳನ್ನು ಕಾರ್ಖಾನೆಯ ಗೆಳೆಯನೊಬ್ಬ ಗೋಣಿಯಲ್ಲಿ ಒಯ್ದು ಕುಲುಮೆಗೆ ಹಾಕಿದ.

ಕೇಸು ನಡೆಯಿತು. ಮುನಿರಾಮಯ್ಯನಿಗೆ ಶಿಕ್ಷೆಯಾಯಿತು; ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ. ನ್ಯಾಯಾಧೀಶರ ಮುಂದೆ ಅವನು ಏನನ್ನೂ ಅಲ್ಲಗಳೆಯಲಿಲ್ಲ. ಹನುಮಕ್ಕ ಸಾಕ್ಷಿಕಟ್ಟೆಗೆ ಹತ್ತಿ ಸತ್ತ ಹುಡುಗನ ವಿಷಯ, ಗೋಣಿಯ ವಿಷಯ, ಲಪ್ಪದ ವಿಷಯ ಎಲ್ಲ ಹೇಳಿದ್ದರಿಂದ ಶಿಕ್ಷೆ ಕಡಿಮೆಯಾಯಿತು ಎಂದು ವಕೀಲರು ಅಂದರು. ಕೆಂಚಪ್ಪನ ಮೇಲೆ ಹಾಕಿದ ಮೋಸದ ಕೇಸು ಮಾತ್ರ ವಾಯಿದೆಯ ಮೇಲೆ ವಾಯಿದೆ ಬಿದ್ದು ಬಿದ್ದೇ ಹೋಯಿತು. ಅವನು ಕುಂಟುತ್ತ ಬ್ರೋಕರ್ ಕೆಲಸವನ್ನೇ ಮುಂದುವರಿಸಿದ. ಆದರೆ ಆ ಕಡೆಯವರು ಅವನ ಹತ್ತಿರ ಗಾಡಿ ನೋಡಲು ಹೋದರೆ ಮೊದಲು ಟ್ಯಾಂಕಿನ ಕೆಳಗೆ ಕೈ ತೂರಿಸಿ ಕೀಲಿಕೈಯಿಂದ ಬಣ್ಣ ಕೆರೆದು ನೋಡುತ್ತಿದ್ದರು. ಕೆರೆಯಬೇಡಿ ಎಂದು ಹೇಳುವ ಧೈರ್ಯ ಅವನಿಗೆ ಇರಲಿಲ್ಲ.

ಮುನಿರಾಮಯ್ಯ ಜೈಲಿನಲ್ಲಿದ್ದಾಗ ಮನೆಯಲ್ಲಿ ಇಬ್ಬರು ಹೆಂಗಸರೇ. ಮೊದಮೊದಲು ಅಣ್ಣಮ್ಮ ಅತ್ತಿಗೆಯ ಜೊತೆ ಮಾತಾಡುತ್ತಿರಲಿಲ್ಲ. ಹನುಮಕ್ಕ ಅನ್ನ ಬಡಿಸುತ್ತಿದ್ದಳು, ಇವಳು ಉಣ್ಣುತ್ತಿದ್ದಳು. ಒಂದು ದಿನ ಮೊಂಡುಗಾಲಿಗೆ ಎಣ್ಣೆ ಹಚ್ಚುತ್ತಿದ್ದ ಹನುಮಕ್ಕನನ್ನು ಅಣ್ಣಮ್ಮ ಕೇಳಿದಳು: "ಅತ್ತಿಗೆ, ಅವತ್ತು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ನನ್ನ ಸಾಯಿಸ್ತಿದ್ದ ಕಣೇ."

"ಹೌದು, ಸಾಯಿಸ್ತಿದ್ರು," ಎಂದಳು ಅಣ್ಣಮ್ಮ. ಆಮೇಲೆ, "ಆದ್ರೂ ನನ್ ಹೊಟ್ಟೇಲಿ ಸಿಟ್ಟು ಇದೆ. ಅದು ಹೋಗೋ ತನಕ ಇರ್ತದೆ. ನೀವು ಮಾತ್ರ ಎಲ್ಲೂ ಹೋಗ್ಬೇಡಿ," ಎಂದಳು.

ಹನುಮಕ್ಕ ಎಲ್ಲೂ ಹೋಗಲಿಲ್ಲ. ನರ್ಸಿಂಗ್ ಹೋಮಿನಲ್ಲಿ ಅಣ್ಣಮ್ಮನ ಕೆಲಸಕ್ಕೆ ಅವಳೇ ಸೇರಿಕೊಂಡಳು. ಅಣ್ಣಮ್ಮ ಹೊಲಿಗೆ ಕಲಿತಳು; ಒಂದೇ ಕಾಲಿನಲ್ಲಿ ಮೆಷಿನ್ ತುಳಿಯುವುದನ್ನು ರೂಢಿಸಿಕೊಂಡು ಬಾಣಂತಿಯರಿಗೆ, ಕೂಸುಗಳಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಮುನಿರಾಮಯ್ಯ ಜೈಲಿನಿಂದ ಬಂದ ಮೇಲೆ ಕಾರ್ಖಾನೆ ಅವನನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಮಾಗಡಿ ರಸ್ತೆಯ ಒಂದು ಸಣ್ಣ ಕುಲುಮೆಯಲ್ಲಿ ಗುದ್ದಲಿ, ಮಚ್ಚು ತಟ್ಟುವ ಕೆಲಸಕ್ಕೆ ಸೇರಿದ. ಅವನ ಸಿಟ್ಟು ಆರಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಅಣ್ಣಮ್ಮನನ್ನು ನೋಡಿ ಕುಂಟಿ ಎಂದವನೊಬ್ಬನನ್ನು ಅವನು ಚರಂಡಿಗೆ ಅದ್ದಿ ತೆಗೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಣ್ಣಮ್ಮ ಆ ದಿನ "ರೀ, ಸಾಕು" ಎನ್ನಲಿಲ್ಲ. ಪಕ್ಕದಲ್ಲಿ ನಿಂತು, ಅವನು ಮುಗಿಸುವುದನ್ನು ಕಾದು, ಅವನ ಭುಜ ಹಿಡಿದುಕೊಂಡು ಮನೆಗೆ ನಡೆದಳು.